ಮೂರನೇ ಕಾಲಂ ಖಾಲಿ

ಮುಂದೇನು ಓದಲಿ ಎಂದು ಸಲಹೆ ಕೇಳಲು ಗಿರಿಜಾ ಮೊದಲ ಸಲ ನನ್ನ ಬಳಿ ಬಂದಾಗ ಚೀಲದಲ್ಲಿ ಮೂರು ಕಾಗದ ಇದ್ದವು. (ಹೆಸರು, ಊರು, ಮನೆಗಳ ವಿವರ ಎಲ್ಲ ಬದಲಿಸಿದೆ, ಬರೆಯಲು ಅವರ ಒಪ್ಪಿಗೆ ಇದೆ.) ಒಂದು, ಮನೆಯಲ್ಲೇ ಕೂತು ಎಂ.ಎ. ಸೈಕಾಲಜಿ ಮುಗಿಸಬಹುದು ಎನ್ನುವ ಏಜೆಂಟರ ಕರಪತ್ರ. ಇನ್ನೊಂದು, ಬೆಂಗಳೂರಿನ ಖಾಸಗಿ ವಿಶ್ವವಿದ್ಯಾಲಯವೊಂದರ ಎಂ.ಎಸ್‌ಸಿ. ಸೈಕಾಲಜಿ ಪ್ರಾಸ್ಪೆಕ್ಟಸ್. ಮೂರನೆಯದು ಪಕ್ಕದ ಜಿಲ್ಲೆಯ ಎಂ.ಎಸ್.ಡಬ್ಲ್ಯು. (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಅರ್ಜಿ. ಅದನ್ನು ನಾಲ್ಕು ಮಡಿಕೆ ಮಾಡಿ ಚೀಲದ ತಳಕ್ಕೆ ಸೇರಿಸಿದ್ದರು.

ವಯಸ್ಸು 27, ಓದು ಬಿ.ಎ. ಉತ್ತರ ಕರ್ನಾಟಕದ ಒಂದು ತಾಲ್ಲೂಕಿನಲ್ಲಿ ರೈತ ಆತ್ಮಹತ್ಯೆ ನಡೆದ ಮನೆಗಳಿಗೆ ಹೋಗಿ ಪರಿಹಾರದ ಅರ್ಜಿ, ವಿಧವಾ ವೇತನ, ಮಕ್ಕಳ ಶಾಲೆ ನೋಡಿಕೊಳ್ಳುವ ಕೆಲಸ, ನಾಲ್ಕು ವರ್ಷದಿಂದ. ಊರು ಬಿಡದೆ ಜನರ ಮನಸ್ಸಿನ ಕೆಲಸ ಮಾಡಬೇಕು, ಅದಕ್ಕೆ ಯಾವುದು ಓದಲಿ ಎಂಬುದು ಅವರ ಪ್ರಶ್ನೆ. ಜೂನ್ ಬಂತೆಂದರೆ ಇದೇ ಪ್ರಶ್ನೆ ಹಿಡಿದು ಬರುವವರು ಒಬ್ಬರಲ್ಲ, ಇಬ್ಬರಲ್ಲ. ಈ ಪ್ರಕರಣ ಬರೆಯಲು ಅದೇ ಕಾರಣ.

ಕಾಗದಗಳ ವಿಷಯ ಬೇಗ ಮುಗಿಯಿತು. ಕರಪತ್ರ ಹಳತು. 2025ರ ಜುಲೈ–ಆಗಸ್ಟ್ ಪ್ರವೇಶದಿಂದ ಸೈಕಾಲಜಿಯನ್ನು ದೂರಶಿಕ್ಷಣದಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಕಲಿಸಬಾರದು ಎಂದು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಲ್ಲಿಸಿದೆ. ಎಂ.ಎಸ್‌ಸಿ.ಗೆ ಬಂದರೆ, ಪದವಿಯಲ್ಲಿ ಸೈಕಾಲಜಿ ಓದಿರಲೇಬೇಕು ಎನ್ನುವ ಕಡೆಗಳೇ ಹೆಚ್ಚು. ಗಿರಿಜಾ ಓದಿದ್ದು ಇತಿಹಾಸ, ಸಮಾಜಶಾಸ್ತ್ರ, ಕನ್ನಡ. ಅಲ್ಲದೆ ಎಂ.ಎಸ್‌ಸಿ. ಮುಗಿಸಿದ ಮಾತ್ರಕ್ಕೆ ಯಾರೂ ಕ್ಲಿನಿಕಲ್ ಸೈಕಾಲಜಿಸ್ಟ್ ಆಗುವುದಿಲ್ಲ. ಆ ಹೆಸರಿಗೆ ರಿಹ್ಯಾಬಿಲಿಟೇಷನ್ ಕೌನ್ಸಿಲ್ ಆಫ್ ಇಂಡಿಯಾ ಮಾನ್ಯ ಮಾಡಿದ ಕೋರ್ಸೂ ಬೇಕು, ಅಲ್ಲಿ ನೋಂದಣಿಯೂ ಬೇಕು. ಎಷ್ಟೋ ಮನೆಯವರು ಇದನ್ನು ಸಾಲ ಮಾಡಿ ಫೀಸು ಕಟ್ಟಿದ ಮೇಲೆ ತಿಳಿದುಕೊಳ್ಳುತ್ತಾರೆ.

ಎರಡನೇ ಭೇಟಿಗೆ ಬರುವಾಗ ಒಂದು ಮನೆಭೇಟಿಯನ್ನು ಬರೆದು ತರಲು ಹೇಳಿದ್ದೆ. ಪುಟಕ್ಕೆ ಮೂರು ಕಾಲಂ ಗೀರಬೇಕು. ಮೊದಲನೆಯದರಲ್ಲಿ ಎದುರಿನವರು ಹೇಳಿದ್ದು, ಅವರ ಮಾತಿನಲ್ಲೇ. ಎರಡನೆಯದರಲ್ಲಿ ತಾನು ಹೇಳಿದ್ದು. ಮೂರನೆಯದರಲ್ಲಿ ಆ ಹೊತ್ತಿಗೆ ತನ್ನೊಳಗೆ ಆದದ್ದು, ಆಮೇಲೆ ಯಾರ ಜೊತೆ ಅದನ್ನು ಮಾತಾಡಿದೆ ಎಂಬುದು. ಸಮಾಜಕಾರ್ಯದ ಓದಿನಲ್ಲಿ ಇದಕ್ಕೆ ಪ್ರೊಸೆಸ್ ರೆಕಾರ್ಡಿಂಗ್ ಎನ್ನುತ್ತಾರೆ. ಭೇಟಿ ಮುಗಿದ ದಿನವೇ ಬರೆಯಬೇಕು, ಮರುದಿನಕ್ಕೆ ನೆನಪು ತನಗೆ ಬೇಕಾದಂತೆ ತಿದ್ದಿಕೊಂಡಿರುತ್ತದೆ.

ಗಿರಿಜಾ ಆರು ಪುಟ ಬರೆದಿದ್ದರು. ಮೊದಲ ಕಾಲಂ ತುಂಬಿ ತುಳುಕುತ್ತಿತ್ತು. ಅತ್ತೆ ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಾಗಲೆಲ್ಲ ಸೊಸೆ ಮಾತು ಬದಲಿಸುತ್ತಿದ್ದುದನ್ನೂ ಬಿಟ್ಟಿರಲಿಲ್ಲ. ಇಂಥ ಕಿವಿ ಕಾಲೇಜಿನಲ್ಲಿ ಸಿಗುವುದಿಲ್ಲ. ನಾಲ್ಕನೇ ಪುಟದಲ್ಲಿ ಸೊಸೆಯ ಮಾತು ಹೀಗಿತ್ತು: “ತಂಗೀ, ಅವರು ಕುಡದ ಎಣ್ಣಿ ಡಬ್ಬಿ ಇನ್ನೂ ಅಟ್ಟದ ಮ್ಯಾಲ ಐತಿ. ಒಮ್ಮೊಮ್ಮೆ ನೋಡ್ಕೋತ ಕುಂದರ್ತೀನಿ. ಯಾರ ಮುಂದೂ ಹೇಳಬ್ಯಾಡ.” ಎಣ್ಣೆ ಎಂದರೆ ಹೊಲಕ್ಕೆ ಹೊಡೆಯುವ ಕೀಟನಾಶಕ. ಎರಡನೇ ಕಾಲಂನಲ್ಲಿ: “ಇಲ್ಲಕ್ಕಾ, ಹೇಳಂಗಿಲ್ಲ.” ಮೂರನೇ ಕಾಲಂ ಖಾಲಿ. ಆರು ಪುಟದಲ್ಲೂ ಖಾಲಿ.

“ಆಮೇಲೆ ಇದನ್ನ ಯಾರಿಗೆ ಹೇಳಿದಿರಿ?”

“ಯಾರಿಗೂ ಇಲ್ರೀ ಮೇಡಂ. ಮಾತು ಕೊಟ್ಟೀನಲ್ರೀ.”

“ಯಾವಾಗಿನ ಮಾತು?”

“ಹನ್ನೆರಡು ದಿನ ಆತ್ರೀ.” ಸ್ವಲ್ಪ ಹೊತ್ತು ಬಿಟ್ಟು ಅವರೇ ಹೇಳಿದರು: “ರಾತ್ರಿ ಫೋನ್ ಬಂದ್ರ ಎದಿ ಧಸಕ್ ಅಂತೈತ್ರೀ.” ಹನ್ನೊಂದು ಮನೆಗಳಿಗೆ ಸ್ವಂತ ನಂಬರ್ ಕೊಟ್ಟಿದ್ದರು. ಸಂಸ್ಥೆಯಲ್ಲಿ ಕೇಳುವುದು ಎಷ್ಟು ಅರ್ಜಿ ಹೋಯಿತು, ಎಷ್ಟು ಮಂಜೂರಾಯಿತು ಎಂಬ ಲೆಕ್ಕ. ಅಟ್ಟದ ಮೇಲಿನ ಡಬ್ಬಿಗೆ ಆ ಲೆಕ್ಕದಲ್ಲಿ ಜಾಗವಿರಲಿಲ್ಲ.

ಕೋರ್ಸಿನ ಮಾತು ಅಲ್ಲಿಗೇ ನಿಲ್ಲಿಸಿದೆವು. ಮುಟ್ಟಿದರೆ ಮುನಿಯಂಥ ವಿಷಯವೆಂದು ಅನೇಕರು ಈ ಪ್ರಶ್ನೆಯನ್ನೇ ಕೇಳುವುದಿಲ್ಲ. ಆದರೆ ಸಾಯುವ ಯೋಚನೆ ಇದೆಯೇ ಎಂದು ನೇರವಾಗಿ ಕೇಳಿದರೆ ಯೋಚನೆ ಹುಟ್ಟುವುದಿಲ್ಲ, ಇದ್ದದ್ದು ಹೊರಗೆ ಬರುತ್ತದೆ. ಅದೇ ಸಂಜೆ ಗಿರಿಜಾ ಆ ಮನೆಗೆ ಹೋದರು. ಮಾತು ಮುರಿಯಬೇಕಾಗಿದೆ, ಯಾರ ಹತ್ತಿರ ಹೇಳಲಿ ಎಂದು ಮೊದಲು ಆಕೆಯನ್ನೇ ಕೇಳಿದರು. ಆಕೆ ತೋರಿಸಿದ್ದು ಓಣಿಯಾಚೆಯ ದೊಡ್ಡಮ್ಮನ ಮನೆಯನ್ನು. ಡಬ್ಬಿಯನ್ನು ದೊಡ್ಡಮ್ಮನ ಮಗ ಹೊಲದ ಶೆಡ್ಡಿನಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ತನ್ನ ಬಳಿ ಇಟ್ಟುಕೊಂಡ. ಎರಡು ರಾತ್ರಿ ಆಕೆ ಒಬ್ಬಳೇ ಮಲಗಲಿಲ್ಲ. ಮಂಗಳವಾರ ತಾಲ್ಲೂಕು ಆಸ್ಪತ್ರೆಯ ಮನೋಚೈತನ್ಯ ಕ್ಲಿನಿಕ್‌ಗೆ ಮನೋವೈದ್ಯರು ಬಂದಾಗ ಜೊತೆಗೆ ಹೋದದ್ದಾಯಿತು. ಗೋಡೆಯ ಕ್ಯಾಲೆಂಡರ್ ಮೇಲೆ ಗಿರಿಜಾ ನಂಬರಿನ ಪಕ್ಕಕ್ಕೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಬಂತು. ಹಗಲು ರಾತ್ರಿ ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ.

ಗುಟ್ಟು ಕಾಯಬೇಕು, ನಿಜ. ಆದರೆ ಜೀವಕ್ಕೆ ಕುತ್ತು ಬಂದಾಗ ಬೇಕಾದಷ್ಟನ್ನು ಮಾತ್ರ ತಿಳಿಸಬಹುದು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಮೇ ವೃತ್ತಿಯವರಿಗೆ ಹೇಳುತ್ತದೆ. ಗಿರಿಜಾಗೆ ಅದು ಗೊತ್ತಿರಲಿಲ್ಲ ಎಂಬುದು ಅವರ ತಪ್ಪಲ್ಲ. ಹನ್ನೆರಡು ದಿನ ಕೇಳುವವರೇ ಇರಲಿಲ್ಲ, ತೊಡಕು ಅಲ್ಲಿದೆ.

ಆದ್ದರಿಂದ ಮೂರನೇ ಭೇಟಿಯಲ್ಲಿ ಕೊಟ್ಟ ಸಲಹೆ: ಚೀಲದ ತಳದ ಅರ್ಜಿ ತೆಗೆಯಿರಿ. ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜಕಾರ್ಯ ವಿಶೇಷ ವಿಷಯವಾಗಿರುವ ರೆಗ್ಯುಲರ್ ಎಂ.ಎಸ್.ಡಬ್ಲ್ಯು. ಸೇರಿ. ಎರಡು ವರ್ಷ, ನಾಲ್ಕು ಸೆಮಿಸ್ಟರ್, ಸಾಮಾನ್ಯವಾಗಿ ವಾರಕ್ಕೆ ಎರಡು ದಿನ ಕ್ಷೇತ್ರಕಾರ್ಯ. ಯಾವ ಪದವಿ ಇದ್ದರೂ ಬಹುತೇಕ ಕಡೆ ಅರ್ಜಿ ಹಾಕಬಹುದು.

ಜಾಣ ಹುಡುಗಿಯನ್ನು ಎರಡನೇ ದರ್ಜೆಯ ದಾರಿಗೆ ಹಚ್ಚಿದಿರಿ ಎಂದು ಸೈಕಾಲಜಿ ಕಡೆಯ ಇಬ್ಬರು ಸಹೋದ್ಯೋಗಿಗಳು ಬೇಸರಪಟ್ಟರು. ಗಿರಿಜಾಗೆ ಬುದ್ಧಿಮಾಪನ ಪರೀಕ್ಷೆ ಮಾಡುವ, ಗೀಳು ಕಾಯಿಲೆಗೆ ಚಿಕಿತ್ಸೆ ಕೊಡುವ ಆಸೆಯಿದ್ದರೆ ಅವರ ಮಾತೇ ಸರಿ. ಎಂ.ಎಸ್.ಡಬ್ಲ್ಯು. ಮಾಡಿ ಬೋರ್ಡಿನ ಮೇಲೆ ಸೈಕಾಲಜಿಸ್ಟ್ ಎಂದು ಬರೆಸಬಾರದೆಂದೂ ಗಿರಿಜಾಗೆ ಖಂಡಿತವಾಗಿ ಹೇಳಿದ್ದಾಗಿದೆ. ಆದರೆ ಅವರು ಹೋಗುವ ಮನೆಗಳಲ್ಲಿ ಪಹಣಿ ಇನ್ನೂ ಸತ್ತವನ ಹೆಸರಿನಲ್ಲಿದೆ. ಪೌತಿ ಖಾತೆ ಆಗದೆ ನಿದ್ದೆ ಬಾರದ ಹೆಂಗಸಿಗೆ ಉಸಿರಾಟದ ಅಭ್ಯಾಸ ಕಲಿಸಿ ಎದ್ದು ಬಂದರೆ ಅರ್ಧ ಕೆಲಸ. ಖಾತೆ ಮಾಡಿಸಿಕೊಟ್ಟು ಅಟ್ಟದ ಡಬ್ಬಿ ಕೇಳದೆ ಬಂದರೂ ಅರ್ಧವೇ. ಎರಡನ್ನೂ ಒಂದೇ ಕೈಗೆ ಕಲಿಸುವ ಓದು ಇದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದ 1980ರ ದಶಕದ ಬಳ್ಳಾರಿ ಪ್ರಯೋಗದಲ್ಲೂ ನಿಮ್ಹಾನ್ಸ್ ಆರೋಗ್ಯ ಕೇಂದ್ರಗಳ ಸಿಬ್ಬಂದಿಗೆ ಬರೀ ಪಾಠ ಹೇಳಿ ಕೈತೊಳೆದುಕೊಳ್ಳಲಿಲ್ಲ. ತರಬೇತಿಯ ಜೊತೆಗೆ ಔಷಧ, ಸರಳ ದಾಖಲೆ, ಮೇಲ್ವಿಚಾರಣೆ ಇತ್ತು.

ಮುಂದೆ ಓದುವ ಮನಸ್ಸಾದರೆ ಸೈಕಿಯಾಟ್ರಿಕ್ ಸೋಷಿಯಲ್ ವರ್ಕ್ ಎಂ.ಫಿಲ್. ಇದೆ, ಎರಡು ವರ್ಷ. ನಿಮ್ಹಾನ್ಸ್‌ನಲ್ಲಿ ಪ್ರವೇಶ ಪರೀಕ್ಷೆ ಬರೆಯಬೇಕು. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮನೋವೈದ್ಯಕೀಯ ಸಮಾಜಕಾರ್ಯಕರ್ತರೆಂದು ಗುರುತಿಸುವುದು ಅದನ್ನು ಮುಗಿಸಿದವರನ್ನು. ಉಳಿದ ಎಂ.ಫಿಲ್.ಗಳನ್ನು ನಿಲ್ಲಿಸಿದ ಯುಜಿಸಿ, ಇದಕ್ಕೂ ಕ್ಲಿನಿಕಲ್ ಸೈಕಾಲಜಿಗೂ 2025-26ರವರೆಗೆ ಅವಕಾಶ ಮುಂದುವರಿಸಿತ್ತು. ಹಾಗಾಗಿ ಸೇರುವ ವರ್ಷದ ಅಧಿಸೂಚನೆ ನೋಡದೆ ಹಣ ಕಟ್ಟಬೇಡಿ.

ಎಂ.ಎಸ್.ಡಬ್ಲ್ಯು. ಎಲ್ಲ ಕಡೆ ಒಂದೇ ಅಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಕೆಲವು ಕಡೆ ವಿಶೇಷ ವಿಷಯವೆಂದರೆ ಮಾನವ ಸಂಪನ್ಮೂಲ ಮಾತ್ರ. ಕಾರ್ಖಾನೆಯ ಹಾಜರಿ ಪುಸ್ತಕ ನೋಡಿ ಹೊರಬರುತ್ತಾರೆ. ಕಾಲೇಜು ನೋಡಲು ಅಡ್ಮಿಷನ್ ದಿನ ಹೋಗಬೇಡಿ, ಕ್ಷೇತ್ರಕಾರ್ಯದ ಮರುದಿನ ಹೋಗಿ. ಎರಡನೇ ವರ್ಷದವರ ಹತ್ತಿರ, ಜನರ ಹೆಸರು ಮುಚ್ಚಿ, ವರದಿ ಪುಸ್ತಕ ತೋರಿಸಲು ಕೇಳಿ. ಕೆಂಪು ಶಾಯಿಯಲ್ಲಿ “ಸೀನ್” (ನೋಡಿದೆ) ಎಂದೂ ಒಂದು ಸಹಿಯೂ ಅಷ್ಟೇ ಇದ್ದರೆ ಅಲ್ಲಿ ಯಾರೂ ಓದುತ್ತಿಲ್ಲ. “ಇಲ್ಲಿ ಯಾಕೆ ಸುಮ್ಮನಾದೆ?” ಎಂದು ಅಂಚಿನಲ್ಲಿ ಬರೆದಿದ್ದರೆ ಆ ಕಾಲೇಜು ಒಳ್ಳೆಯದು. ಮನೋವೈದ್ಯ ವಿಭಾಗವಿರುವ ಆಸ್ಪತ್ರೆಗೆ ಕಳಿಸುತ್ತಾರೆಯೇ, ವಾರಕ್ಕೊಮ್ಮೆ ಒಬ್ಬೊಬ್ಬರನ್ನೇ ಕೂರಿಸಿ ಮಾತಾಡುತ್ತಾರೆಯೇ, ಒಬ್ಬ ಅಧ್ಯಾಪಕರ ಕೈಕೆಳಗೆ ಎಷ್ಟು ಜನ ಇದ್ದಾರೆ ಎಂದೂ ಕೇಳಿ.

ಗಿರಿಜಾ ಎರಡು ಕಾಲೇಜು ನೋಡಿದರು. ಊರಿಗೆ ಹತ್ತಿರವಿದ್ದದ್ದರಲ್ಲಿ ಎಲ್ಲ ಪುಟದಲ್ಲೂ “ಸೀನ್” ಇತ್ತಂತೆ; ಬಸ್ಸಿನಲ್ಲಿ ಮೂರು ತಾಸು ದೂರದ್ದನ್ನು ಆರಿಸಿಕೊಂಡರು. ಸಂಸ್ಥೆ ರಜೆ ಕೊಡಲಿಲ್ಲ, ಕೆಲಸ ಬಿಡಬೇಕಾಯಿತು.

ಬಿಡುವ ಮೊದಲು ಹೊಸದಾಗಿ ಬಂದ ಹುಡುಗಿಯನ್ನು ಕರೆದುಕೊಂಡು ಹನ್ನೊಂದು ಮನೆಗೂ ಹೋಗಿ ಬಂದರು. ಇನ್ನು ಮುಂದೆ ಇವರ ನಂಬರ್, ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ, ರಾತ್ರಿಯಾದರೆ 14416. ಒಂಬತ್ತು ಮನೆಯವರು ಒಪ್ಪಿದರು. ಇಬ್ಬರು, “ನಿನ್ನ ನಂಬರ್ ಇರಲಿ ಬಿಡ ತಂಗೀ” ಎಂದರು. ಗಿರಿಜಾ ಅಳಿಸಲಿಲ್ಲ. ಆ ಎರಡು ಮನೆಯ ವಿಷಯವನ್ನು ಮೊದಲ ಸೆಮಿಸ್ಟರಿನ ಮೊದಲ ವಾರವೇ ಮೂರನೇ ಕಾಲಂನಲ್ಲಿ ಬರೆದು ಮೇಲ್ವಿಚಾರಕರ ಮುಂದಿಟ್ಟಿದ್ದಾರೆ.