ಗೆಲ್ಲದಿದ್ದರೂ ಮಾಲ್ಟಾ ಯಾಕೆ ಹಾಡುತ್ತದೆ?

ಹಾಸನದ ಓದುಗರೊಬ್ಬರು ಬರೆದಿದ್ದಾರೆ: “ಯೂರೋವಿಷನ್ ಹಾಡಿನ ಸ್ಪರ್ಧೆಯ ಬಗ್ಗೆ ನಿಮ್ಮ ಲೇಖನ ಓದಿದೆ. ಪುಟ್ಟ ಲಕ್ಸೆಂಬರ್ಗ್ ಐದು ಸಲ ಗೆದ್ದಿದೆ. ಅಷ್ಟೇ ಪುಟ್ಟ ಮಾಲ್ಟಾ ಒಂದು ಸಲವೂ ಗೆದ್ದಿಲ್ಲ. ಹಾಡೋಕೆ ಬರದ ದೇಶ ಸುಮ್ನೆ ಯಾಕೆ ದುಡ್ಡು ಸುರೀಬೇಕು?”

ಪ್ರಿಯ ಓದುಗರೇ,

ಯೂರೋವಿಷನ್ ಅಂದರೆ ಯುರೋಪಿನ ದೇಶಗಳು ವರ್ಷಕ್ಕೊಂದು ಹಾಡು ಕಳಿಸಿ, ಒಬ್ಬರ ಹಾಡಿಗೆ ಇನ್ನೊಬ್ಬರು ಅಂಕ ಕೊಡುವ ಸ್ಪರ್ಧೆ. ನಿಮ್ಮ ಲೆಕ್ಕ ಸರಿ. 1971ರಲ್ಲಿ ಮೊದಲ ಸಲ ಹಾಡಿದ ಮಾಲ್ಟಾ 2025ರವರೆಗೂ ಗೆದ್ದಿರಲಿಲ್ಲ. ಆದರೆ ‘ಹಾಡೋಕೆ ಬರದ ದೇಶ’ ಅಂದಿರಲ್ಲ, ಅದನ್ನು ನಾನು ಒಪ್ಪಲಾರೆ.

ಮೊದಲು ಲಕ್ಸೆಂಬರ್ಗ್ ವಿಷಯ ಮುಗಿಸೋಣ. 1961, 1965, 1972, 1973, 1983ರಲ್ಲಿ ಅದು ಗೆದ್ದದ್ದು ನಿಜ. ಆದರೆ ಆ ಐದೂ ಸಲ ಹಾಡಿದವರಲ್ಲಿ ಲಕ್ಸೆಂಬರ್ಗಿನವರು ಒಬ್ಬರೂ ಇಲ್ಲ. ನಾಲ್ವರು ಫ್ರಾನ್ಸಿನವರು. 1972ರ ವಿಕಿ ಲಿಯಾಂಡ್ರೋಸ್ ಗ್ರೀಕ್ ಮೂಲದವರು. ಗಾಯಕರು ಅದೇ ದೇಶದವರಾಗಿರಬೇಕು ಅನ್ನುವ ನಿಯಮ ಈ ಸ್ಪರ್ಧೆಯಲ್ಲಿಲ್ಲ, ಹಾಗಾಗಿ ಅದರಲ್ಲಿ ತಪ್ಪೇನೂ ಇಲ್ಲ. ಮಾಲ್ಟಾ ಮಾತ್ರ ತನ್ನ ಮನೆಯ ದನಿಗಳನ್ನೇ ನಂಬಿಕೊಂಡು ಬಂದಿದೆ. ಆ ದೇಶದ ಜನಸಂಖ್ಯೆ ಹೆಚ್ಚುಕಡಿಮೆ ನಮ್ಮ ಕೊಡಗು ಜಿಲ್ಲೆಯಷ್ಟು, ಐದು ಲಕ್ಷ ಚಿಲ್ಲರೆ. ಅಷ್ಟು ಜನರೊಳಗಿನಿಂದಲೇ ಯುರೋಪಿನ ಎದುರು ನಿಲ್ಲುವ ಗಾಯಕರನ್ನು ಹುಡುಕಬೇಕು.

ಮೊದಲ ಎರಡು ವರ್ಷ, 1971 ಮತ್ತು 1972ರಲ್ಲಿ, ಅವರು ಮಾಲ್ಟೀಸ್ ಭಾಷೆಯಲ್ಲೇ ಹಾಡಿದರು. ಎರಡೂ ಸಲ ಕೊನೆಯ ಸ್ಥಾನ. 1975ರಲ್ಲಿ ಇಂಗ್ಲಿಷ್ ಹಾಡಿಗೆ 12ನೇ ಸ್ಥಾನ ಬಂತು. ಆಮೇಲೆ 1991ರವರೆಗೆ ಮಾಲ್ಟಾ ಕಣಕ್ಕೇ ಇಳಿಯಲಿಲ್ಲ.

ಮರಳಿ ಬಂದ ಮೇಲಿನ ಕತೆಯೇ ಬೇರೆ. 1991ರಿಂದ 1998ರವರೆಗೆ ಒಂದು ವರ್ಷವೂ ಬಿಡದೆ ಮೊದಲ ಹತ್ತರೊಳಗೆ! 1992ರಲ್ಲಿ ಮೇರಿ ಸ್ಪಿಟೆರಿ ಮೂರನೆಯವರಾದರು. ಇದಕ್ಕೆ ನಿಯಮದ ಸಹಾಯವೂ ಇತ್ತು ಅನ್ನಬೇಕು. ಆಗ ಪ್ರತಿ ದೇಶ ತನ್ನದೇ ಭಾಷೆಯಲ್ಲಿ ಹಾಡಬೇಕಿತ್ತು. ಇಂಗ್ಲಿಷ್‌ನಲ್ಲಿ ಹಾಡುವ ಅವಕಾಶವಿದ್ದದ್ದು ಬ್ರಿಟನ್, ಐರ್ಲೆಂಡ್ ಮತ್ತು ಇಂಗ್ಲಿಷನ್ನೂ ಆಡಳಿತ ಭಾಷೆ ಮಾಡಿಕೊಂಡ ಮಾಲ್ಟಾಕ್ಕೆ. 1999ರಲ್ಲಿ ಈ ಕಟ್ಟು ಹೋಯಿತು. ಎಲ್ಲರೂ ಇಂಗ್ಲಿಷ್‌ಗೆ ನುಗ್ಗಿದರು. ಆ ವರ್ಷ ಮಾಲ್ಟಾ 15ನೇ ಸ್ಥಾನಕ್ಕೆ ಇಳಿಯಿತು.

ಆದರೆ ನಿಯಮವೇ ಎಲ್ಲ ಅಂದರೆ ಮಾಲ್ಟಾದ ಗಾಯಕಿ ಕಿಯಾರಾಗೆ ಅನ್ಯಾಯವಾಗುತ್ತದೆ. 1998ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಕಟ್ಟಕಡೆಯ ದೇಶ ಅಂಕ ಹೇಳುವವರೆಗೂ ಅವರು ಗೆಲ್ಲುವ ಆಸೆ ಜೀವಂತವಾಗಿತ್ತು. ಆ ದೇಶದಿಂದ ಮಾಲ್ಟಾಕ್ಕೆ ಒಂದು ಅಂಕವೂ ಬರಲಿಲ್ಲ. ಇಸ್ರೇಲ್ 172, ಬ್ರಿಟನ್ 166, ಮಾಲ್ಟಾ 165. ಇಷ್ಟು ಹತ್ತಿರ ಬಂದು ಸೋತವರು ಮತ್ತೆ ಆ ವೇದಿಕೆ ಹತ್ತುವುದೇ ಕಷ್ಟ. ಕಿಯಾರಾ 2005ರಲ್ಲಿ ಕೀವ್‌ಗೆ ಹೋದರು. ನರ್ತಕರಿಲ್ಲ, ಅಬ್ಬರವಿಲ್ಲ. ಒಬ್ಬರೇ ನಿಂತು ಹಾಡಿದರು. ಗ್ರೀಸ್ 230 ಅಂಕದೊಂದಿಗೆ ಗೆದ್ದಿತು, ಅವರು 192 ಅಂಕ ಪಡೆದು ಎರಡನೆಯವರಾದರು. ಅದಕ್ಕೂ ಮೊದಲು, 2002ರಲ್ಲಿ, ಇರಾ ಲೋಸ್ಕೊ ಕೂಡ ಎರಡನೆಯವರಾಗಿದ್ದರು. ಗೆದ್ದ ಲಾಟ್ವಿಯಾಗೂ ಅವರಿಗೂ ಇದ್ದ ಅಂತರ ಬರೀ 12 ಅಂಕ. ಇವರಿಗೆ ಹಾಡೋಕೆ ಬರಲ್ಲ ಅಂತ ಹೇಗೆ ಹೇಳೋದು?

ಈಚಿನ ವರ್ಷಗಳಲ್ಲಿ ಮಾಲ್ಟಾಕ್ಕೆ ಹೊಡೆತ ಬೀಳುತ್ತಿರುವುದು ಜನರ ಮತದಲ್ಲಿ. 2016ರಲ್ಲಿ ಇರಾ ಲೋಸ್ಕೊ ಮತ್ತೆ ಹಾಡಿದಾಗ ತೀರ್ಪುಗಾರರು 137 ಅಂಕ ಕೊಟ್ಟರು. ಜನ ಕೊಟ್ಟದ್ದು 16. 2021ರಲ್ಲಿ ಡೆಸ್ಟಿನಿ ತಮ್ಮ ಸೆಮಿಫೈನಲ್ ಗೆದ್ದೇ ಫೈನಲ್‌ಗೆ ಬಂದರು. ಅಲ್ಲಿ ತೀರ್ಪುಗಾರರಿಂದ 208, ಜನರಿಂದ 47, ಕೊನೆಗೆ ಏಳನೇ ಸ್ಥಾನ. ಸ್ವಂತ ದೇಶಕ್ಕೆ ಮತ ಹಾಕುವಂತಿಲ್ಲ. ದೊಡ್ಡ ವಲಸೆ ಸಮುದಾಯವಿರುವ ದೇಶಗಳಿಗೆ ನೆರೆದೇಶಗಳಲ್ಲಿ ನೆಲೆಸಿದ ತಮ್ಮವರು ಮತ ಹಾಕುತ್ತಾರೆ. ಮಾಲ್ಟಾದಿಂದ ಹೊರಗೆ ಹೋದವರು ಜಾಸ್ತಿ ಇರುವುದು ಆಸ್ಟ್ರೇಲಿಯಾ, ಬ್ರಿಟನ್‌ನಲ್ಲಿ. ಯುರೋಪಿನ ಉಳಿದ ಕಡೆ ಅವರಿಗೆ ಆ ಬಲ ಇಲ್ಲ. 2022ರಿಂದ 2024ರವರೆಗೆ ಮೂರು ವರ್ಷ ಫೈನಲ್‌ಗೂ ಬರಲಾಗಲಿಲ್ಲ. 2025ರಲ್ಲಿ ಬಂದರು, 17ನೇ ಸ್ಥಾನ.

ಇನ್ನೊಂದು ವಿಷಯ ನಿಮ್ಮ ಲೆಕ್ಕದಿಂದ ಬಿಟ್ಟುಹೋಗಿದೆ. ಮಕ್ಕಳ ಯೂರೋವಿಷನ್ನನ್ನು ಮಾಲ್ಟಾ ಎರಡು ಸಲ ಗೆದ್ದಿದೆ. 2013ರಲ್ಲಿ ಗಾಯಾ ಕೌಚಿ, 2015ರಲ್ಲಿ ಇದೇ ಡೆಸ್ಟಿನಿ.

ನನಗೆ ಮಾಲ್ಟಾದ ಮೇಲೆ ಇರುವ ದೂರು ಒಂದೇ. 1972ರ ನಂತರ, 2025ರವರೆಗೂ, ಅವರು ಪೂರ್ತಿ ಮಾಲ್ಟೀಸ್‌ನಲ್ಲಿ ಒಂದು ಹಾಡನ್ನೂ ಕಳಿಸಿರಲಿಲ್ಲ. ಅರಬ್ಬಿಯಿಂದ ಹುಟ್ಟಿ, ಇಟಾಲಿಯನ್ ಪದಗಳನ್ನು ತುಂಬಿಕೊಂಡು, ಲ್ಯಾಟಿನ್ ಲಿಪಿಯಲ್ಲಿ ಬರೆಯುವ ಭಾಷೆ ಅದು. ಯುರೋಪಿನಲ್ಲಿ ಅಂಥದ್ದು ಇನ್ನೊಂದಿಲ್ಲ. ಎರಡು ಕೊನೆಯ ಸ್ಥಾನಗಳ ಭಯ ಅರ್ಥವಾಗುತ್ತದೆ. ಆದರೆ ಆಗ ಪ್ರತಿ ದೇಶದಿಂದ ಇಬ್ಬರೇ ತೀರ್ಪುಗಾರರು, ಒಬ್ಬರು 25 ವರ್ಷದೊಳಗಿನವರು, ಇನ್ನೊಬ್ಬರು ಅದಕ್ಕಿಂತ ದೊಡ್ಡವರು. ಆ ಬೆರಳೆಣಿಕೆಯ ಜನರ ಅಭಿಪ್ರಾಯವನ್ನು ಭಾಷೆಯ ಮೇಲಿನ ತೀರ್ಪು ಅಂದುಕೊಂಡು ಅರ್ಧ ಶತಮಾನ ಕೂರಬೇಕಿತ್ತಾ? 1964ರಿಂದ ಹಾಡುತ್ತಿದ್ದ ಪೋರ್ಚುಗಲ್ ಮೊದಲ ಸಲ ಗೆದ್ದದ್ದು 2017ರಲ್ಲಿ, ಪೋರ್ಚುಗೀಸ್ ಹಾಡಿನಿಂದಲೇ. ಸರ್ಬಿಯಾ 2007ರಲ್ಲಿ, ಇಟಲಿ 2021ರಲ್ಲಿ, ಉಕ್ರೇನ್ 2022ರಲ್ಲಿ ತಮ್ಮ ತಮ್ಮ ಭಾಷೆಯಲ್ಲೇ ಗೆದ್ದವು. ಎಲ್ಲರಂತೆ ಇಂಗ್ಲಿಷ್‌ನಲ್ಲಿ ಹಾಡಿದರೆ ಮಾಲ್ಟಾ ಆ ಗುಂಪಿನಲ್ಲಿ ಕರಗಿಹೋಗುತ್ತದೆ. ಮಾಲ್ಟೀಸ್‌ನಲ್ಲಿ ಹಾಡಿದರೆ ಎಲ್ಲರೂ ಕಿವಿಗೊಡಲೇಬೇಕು.

ದುಡ್ಡಿನ ಮಾತಿಗೆ ಬರುತ್ತೇನೆ. ಈ ಸ್ಪರ್ಧೆಯನ್ನು ಈಗ ವರ್ಷಕ್ಕೆ ಸುಮಾರು 16 ಕೋಟಿ ಜನ ನೋಡುತ್ತಾರೆ. ಅಲ್ಲಿ ಮಾಲ್ಟಾದ ಗಾಯಕಿಗೂ ಜರ್ಮನಿಯ ಗಾಯಕನಿಗೂ ಅದೇ ಮೂರು ನಿಮಿಷ. ಮಾಲ್ಟಾ ಕೊಡುವ 12 ಅಂಕಕ್ಕೂ ಜರ್ಮನಿಯ 12 ಅಂಕಕ್ಕೂ ಒಂದೇ ಬೆಲೆ. ಐದು ಲಕ್ಷ ಜನರ ದೇಶಕ್ಕೆ ಇಂಥ ಸಮಾನತೆ ಇನ್ನೆಲ್ಲಿ ಸಿಗುತ್ತೆ ಹೇಳಿ? ಆ ಖರ್ಚು ನನಗಂತೂ ಜಾಸ್ತಿ ಅನಿಸುವುದಿಲ್ಲ.

ಬಿಡುವಾದಾಗ ಕಿಯಾರಾ ಅವರ 1998ರ ಹಾಡನ್ನೂ 2005ರ ಹಾಡನ್ನೂ ಕೇಳಿ. ಆಮೇಲೆ 1972ರಲ್ಲಿ ಹೆಲೆನ್ ಮತ್ತು ಜೋಸೆಫ್ ಹಾಡಿದ, ಕೊನೆಯ ಸ್ಥಾನ ಪಡೆದ ಮಾಲ್ಟೀಸ್ ಹಾಡನ್ನೂ ಹುಡುಕಿ ಕೇಳಿ. ಹೇಗನ್ನಿಸಿತು ಅಂತ ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.

— ಸಂಪಾದಕ