ಅರ್ಜಿಗೆ ಉತ್ತರ ಬಾರದಿದ್ದರೆ ಕೆಲಸ ಮಾಡಿ ತೋರಿಸಿ
ಎಂಜಿನಿಯರಿಂಗ್ ಮುಗಿಸಿ, ಇಷ್ಟದ ಸಾಫ್ಟ್‌ವೇರ್ ಕಂಪನಿಗೆ ಪದೇ ಪದೇ ಅರ್ಜಿ ಹಾಕಿದರೂ ಕರೆ ಬಂದಿಲ್ಲ ಎಂದಿದ್ದೀರಿ. ತೊಡಕು ಬಹುಶಃ ನಿಮ್ಮ ಅಂಕಗಳಲ್ಲಿಲ್ಲ. ಎಲ್ಲರೂ ಮಾಡುವ ಕಾಲೇಜು ಪ್ರಾಜೆಕ್ಟೇ ನಿಮ್ಮ ರೆಸ್ಯೂಮೆಯಲ್ಲೂ ಇದ್ದರೆ ಅದು ರಾಶಿಯಲ್ಲಿ ಕಳೆದುಹೋಗುತ್ತದೆ.

ಮೊದಲು ತಂತ್ರಾಂಶಗಳ ಕೋಡ್ ಹಂಚಿಕೊಳ್ಳುವ ಜಾಲತಾಣವಾದ ಗಿಟ್‌ಹಬ್‌ನಲ್ಲಿ ಆ ಕಂಪನಿಯ ಪುಟ ತೆರೆಯಿರಿ. ಬೆಂಗಳೂರಿನ ಜೆರೋಧಾದಂಥ ಕಂಪನಿಗಳು ತಮ್ಮ ಕೆಲವು ತಂತ್ರಾಂಶಗಳ ಕೋಡನ್ನು ಅಲ್ಲಿ ಎಲ್ಲರಿಗೂ ತೆರೆದಿಟ್ಟಿವೆ. ‘ಗುಡ್ ಫಸ್ಟ್ ಇಶ್ಯೂ’ ಎಂಬ ಗುರುತಿರುವ ದೋಷಗಳು ಹೊಸಬರಿಗೆಂದೇ ಇರುತ್ತವೆ. ಒಂದನ್ನು ಆರಿಸಿ, ನಿಮ್ಮ ಕಂಪ್ಯೂಟರಿನಲ್ಲಿ ಅದೇ ದೋಷ ಮರುಕಳಿಸುವಂತೆ ಮಾಡಿ ನೋಡಿ. ನಂತರ ಸರಿಪಡಿಸಿ ಪುಲ್ ರಿಕ್ವೆಸ್ಟ್, ಅಂದರೆ ನಿಮ್ಮ ತಿದ್ದುಪಡಿಯನ್ನು ಸೇರಿಸಿಕೊಳ್ಳಿ ಎಂಬ ಕೋರಿಕೆ, ಕಳುಹಿಸಿ. ಏನು ಕೆಟ್ಟಿತ್ತು, ಏಕೆ, ಹೇಗೆ ಪರೀಕ್ಷಿಸಿದಿರಿ ಎಂಬುದನ್ನು ನಾಲ್ಕು ಸಾಲಿನಲ್ಲಿ ಬರೆಯಿರಿ. ಆ ವಿವರಣೆಗೆ ಕೋಡಿನಷ್ಟೇ ತೂಕವಿದೆ. ಕಾಗುಣಿತ ತಿದ್ದುವ ಸಣ್ಣಪುಟ್ಟ ರಿಕ್ವೆಸ್ಟ್‌ಗಳನ್ನು ಮಾತ್ರ ದಯವಿಟ್ಟು ಗುಡ್ಡೆ ಹಾಕಬೇಡಿ, ಪರಿಶೀಲಿಸುವವರಿಗೆ ಅವು ಕಿರಿಕಿರಿ.

ನಿಮ್ಮ ಕೋಡ್ ಸ್ವೀಕೃತವಾದ ಮೇಲೆ ಅದರ ಕೊಂಡಿಯೊಡನೆ ಆ ತಂಡದ ಮುಖ್ಯಸ್ಥರಿಗೆ ಚಿಕ್ಕ ಇಮೇಲ್ ಬರೆಯಿರಿ. ಹುದ್ದೆ ಖಾಲಿ ಇಲ್ಲದಿದ್ದರೆ ಇದರಿಂದಲೂ ಕೆಲಸ ಸಿಗದೇ ಹೋಗಬಹುದು. ಆಗ ಇಂಟರ್ನ್‌ಶಿಪ್ ಕೇಳಿ.

ಕೋಡ್ ತೆರೆದಿಡದ ಕಂಪನಿಯಾದರೆ, ಅವರ ಆ್ಯಪ್‌ನಲ್ಲಿ ಕನ್ನಡದ ಒತ್ತಕ್ಷರ ಎಲ್ಲಿ ಒಡೆಯುತ್ತದೆ, ಯಾವ ಪರದೆಯಲ್ಲಿ ಬಳಕೆದಾರ ಸಿಕ್ಕಿಬೀಳುತ್ತಾನೆ ಎಂಬುದನ್ನು ಸ್ಕ್ರೀನ್‌ಶಾಟ್ ಸಮೇತ ಎರಡು ಪುಟದ ವರದಿ ಮಾಡಿ ಕಳುಹಿಸಿ.