ಗುಡ್ಡ ಸುಟ್ಟಿದ್ದಕ್ಕೆ ಅಳೋದು ತಪ್ಪಾ?

ಪ್ರಶ್ನೆ: ನನ್ನ ತವರು ಗದಗ ಜಿಲ್ಲೆಯ ಕಪ್ಪತಗುಡ್ಡದ ಬುಡದ ಒಂದು ಹಳ್ಳಿ. ಮದುವೆಯಾಗಿ ಹುಬ್ಬಳ್ಳಿಗೆ ಬಂದು 14 ವರ್ಷವಾಯಿತು. ಈ ಬೇಸಿಗೆಯಲ್ಲಿ ನಮ್ಮೂರ ಕಡೆಯ ಗುಡ್ಡಕ್ಕೆ ಬೆಂಕಿ ಬಿತ್ತು. ಅಜ್ಜ ಕುರಿ ಮೇಯಲು ಬಿಟ್ಟು ಕೂರುತ್ತಿದ್ದ ಬೇವಿನ ಗಿಡವೂ ಹೋಯಿತು. ಪೊಟರೆಯೊಳಗೆ ಕೆಂಡ ಹೊಕ್ಕು ಮೂರು ದಿನ ಹೊಗೆಯಾಡಿತಂತೆ. ಅಜ್ಜ ತೀರಿಕೊಂಡಾಗಲೂ ನಾನು ಇಷ್ಟು ಅತ್ತಿರಲಿಲ್ಲ. ನಮ್ಮ ಮನೆಯವರು "ಹುಲ್ಲ ತಾನ ಸುಟ್ಟಿದ್ದು, ಮಳಿ ಆದ್ರ ಮತ್ತ ಚಿಗಿತೈತಿ ಬಿಡು" ಅಂತಾರೆ. ಇನ್ಯಾರೋ "ಕುರಿಯವರ ಹಚ್ಚಿರಬೇಕು" ಅಂದರು. ಅದು ಇನ್ನೂ ಚುಚ್ಚುತ್ತಿದೆ. ಊರಿಗೆ ಹೋಗಲು ಮನಸ್ಸಾಗುತ್ತಿಲ್ಲ. ಮಳೆಗಾಲದಲ್ಲಿ ನೂರು ಸಸಿ ಒಯ್ದು ನೆಟ್ಟು ಬಂದರೆ ಸಮಾಧಾನ ಆಗಬಹುದಾ?
— ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ತಂಗಿ, ನಿಮ್ಮ ಪತ್ರ ಎರಡು ಸಲ ಓದಿದೆ. ನಾನೂ ಗದಗ ಕಡೆಯವಳೇ. ಅಜ್ಜ ಹೋದ ಮೇಲೂ ಅವರು ಕೂರುತ್ತಿದ್ದ ಜಾಗ ಇತ್ತು, ಆ ಗಿಡದ ನೆರಳಲ್ಲಿ ಅವರು ಇನ್ನೂ ಸ್ವಲ್ಪ ಉಳಿದಿದ್ದರು. ಈಗ ಅದೂ ಹೋಯಿತು. ಆಗ ಬರದ ಅಳು ಈಗ ಬಂದಿದೆ, ಅಷ್ಟೇ. ಇದರಲ್ಲಿ ತಪ್ಪೇನೂ ಇಲ್ಲ.

ಊರು ಬಿಟ್ಟು ಹೋದವರಿಗೆ ಊರಿನ ನೆನಪು ಕಾಡುವುದು ಎಲ್ಲರಿಗೂ ಗೊತ್ತು. ಆದರೆ ಊರು ಇದ್ದಲ್ಲೇ ಇದ್ದು ಹಾಳಾದಾಗ ಆಗುವ ಸಂಕಟವೇ ಬೇರೆ. ಗ್ಲೆನ್ ಆಲ್ಬ್ರೆಕ್ಟ್ ಎಂಬ ಆಸ್ಟ್ರೇಲಿಯಾದ ಚಿಂತಕರು 20 ವರ್ಷಕ್ಕೂ ಹಿಂದೆ ಅದಕ್ಕೆ 'ಸೊಲಾಸ್ಟಾಲ್ಜಿಯಾ' ಅಂತ ಹೆಸರಿಟ್ಟರು. ಕಲ್ಲಿದ್ದಲು ಗಣಿಗಳಿಂದ ಸುತ್ತಲ ನೆಲವೇ ಬದಲಾಗಿ ಹೋದ ಜನರ ನೋವನ್ನು ನೋಡಿ ಇಟ್ಟ ಹೆಸರು ಅದು. ಆ ಪದ ಗೊತ್ತಿಲ್ಲದೆಯೂ ನಮ್ಮ ಜನರಿಗೆ ಈ ನೋವು ಗೊತ್ತಿತ್ತು ಅನ್ನಿಸುತ್ತದೆ ನನಗೆ. ಇದೇ ಗುಡ್ಡವನ್ನು ಗಣಿಯಿಂದ ಉಳಿಸಿಕೊಳ್ಳಲು 2017ರಲ್ಲಿ ಗದಗದಲ್ಲಿ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ಜೊತೆ ಎಷ್ಟು ಜನ ಧರಣಿ ಕೂತರು, ನೆನಪಿದೆ ಅಲ್ವಾ? 2019ರಲ್ಲಿ ಅದು ವನ್ಯಜೀವಿ ಧಾಮವೂ ಆಯಿತು. ಬರೀ ಹುಲ್ಲಿಗಾಗಿ ಯಾರೂ ಬಿಸಿಲಲ್ಲಿ ಕೂರುವುದಿಲ್ಲ.

ನಿಮ್ಮ ಮನೆಯವರ ಮಾತು ಪೂರ್ತಿ ಸುಳ್ಳಲ್ಲ. ಹುಲ್ಲಿನ ಬೆಂಕಿ ಸಾಮಾನ್ಯವಾಗಿ ಮೇಲೆ ಮೇಲೆ ಸುಟ್ಟು ಬೇಗ ಮುಂದೆ ಓಡುತ್ತದೆ, ಬೇರು ಉಳಿಯುತ್ತದೆ. ಒಂದೆರಡು ಒಳ್ಳೆ ಮಳೆಯಾದರೆ ಕರಿ ನೆಲದಲ್ಲಿ ಹಸಿರು ಏಳುವುದನ್ನು ನೀವೇ ಚಿಕ್ಕವರಿದ್ದಾಗ ನೋಡಿರುತ್ತೀರಿ. ಕವಳಿ ಕಂಟಿಗಳೂ ಎಷ್ಟೋ ಸಲ ಬುಡದಿಂದ ಚಿಗುರುತ್ತವೆ. ಆದರೆ ನಿಮ್ಮ ಅಜ್ಜನ ಬೇವು? ಅಷ್ಟು ಹಳೆಯ ಗಿಡದ ಪೊಟರೆಯಲ್ಲಿ ಗೂಬೆಯೋ ಗಿಳಿಯೋ ಇದ್ದಿರಬಹುದು. ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗಳು, ಓಡಲಾರದ ಆಮೆ, ಮೊಳಕಾಲುದ್ದದ ಎಳೆ ಗಿಡಗಳು, ಇವಕ್ಕೆ "ಮತ್ತ ಚಿಗಿತೈತಿ" ಅನ್ನಲು ಬರುವುದಿಲ್ಲ. ವರ್ಷವರ್ಷ ಬೆಂಕಿ ಬಿದ್ದರಂತೂ ಎಳೆ ಗಿಡ ದೊಡ್ಡದಾಗುವುದೇ ಇಲ್ಲ, ಬೋಳು ಇಳಿಜಾರಿನ ತೆಳು ಮಣ್ಣು ಮೊದಲ ಮಳೆಗೇ ಕೊಚ್ಚಿಕೊಂಡು ಹೋಗುತ್ತದೆ. ಇದನ್ನು ಮನೆಯವರಿಗೆ ಹೇಳಿ, ಜಗಳಕ್ಕಲ್ಲ. ಅವರು ಆ ಗಿಡ ನೋಡಿಲ್ಲ, ನೀವು ನೋಡಿದ್ದೀರಿ.

ಕುರಿಯವರ ಮೇಲಿನ ಮಾತಿಗೆ ನನಗೂ ಸಿಟ್ಟು ಬಂತು. ಹೊಸ ಹುಲ್ಲು ಬರಲೆಂದು ಬೆಂಕಿ ಇಡುವವರು ಇದ್ದಾರೆ, ನಿಜ. ಬೀಡಿ ಸೇದಿ ಎಸೆಯುವವರೂ ಇದ್ದಾರೆ. ಹೊಲದ ಕಸಕ್ಕೆ ಹಚ್ಚಿದ್ದು ಗಾಳಿಗೆ ಗುಡ್ಡ ಹತ್ತುವುದೂ ಉಂಟು. ನೋಡದೇ ಒಂದು ಜನದ ಮೇಲೆ ಹಾಕುವುದು ಅನ್ಯಾಯ. ಬೆಂಕಿ ಬಿದ್ದಾಗ ಹಸಿ ಟೊಂಗೆ ಮುರಿದುಕೊಂಡು ಬಡಿಯಲು ಓಡುವವರಲ್ಲಿ ಅಲ್ಲೇ ದನ ಕುರಿ ಕಾಯುವವರೂ ಇರುತ್ತಾರೆ.

ಇನ್ನು ಸಸಿ. ದಯವಿಟ್ಟು ಈ ವರ್ಷ ಬೇಡ. ಅದು ವನ್ಯಜೀವಿ ಧಾಮ, ಅರಣ್ಯ ಇಲಾಖೆಯನ್ನು ಕೇಳದೆ ಏನೂ ನೆಡುವಂತಿಲ್ಲ. ಅಲ್ಲದೆ ಅದು ಹುಲ್ಲು, ಕುರುಚಲು ಗಿಡದ ಗುಡ್ಡ. ಅಲ್ಲಿ ಸುಮ್ನೆ ಗುಂಡಿ ತೋಡಿ ನರ್ಸರಿಯ ಗಿಡ ಇಟ್ಟರೆ ಬೇರಿನಿಂದ ತಾನಾಗಿ ಏಳುವುದಕ್ಕೆ ಅಡ್ಡಿಯಾಗುತ್ತದೆ. ಗಿಡ ನೆಡಲೇಬೇಕು ಅನ್ನಿಸಿದರೆ ತವರು ಮನೆ ಹಿತ್ತಲಲ್ಲಿ ಒಂದು ಬೇವು ಹಚ್ಚಿ.

ಅದಕ್ಕಿಂತ ಜಾಸ್ತಿ ಬೇಕಾದ ಕೆಲಸ ಒಂದಿದೆ. ಔಷಧಿ ಗಿಡಕ್ಕೆ ಹೆಸರಾದ ಗುಡ್ಡ ಅದು. ನಿಮ್ಮ ಅಜ್ಜ ಯಾವ ಗಿಡವನ್ನು ಏನಂತ ಕರೆಯುತ್ತಿದ್ದರು, ಕುರಿಗೆ ಹೊಟ್ಟೆ ಉಬ್ಬರಿಸಿದಾಗ ಯಾವ ಎಲೆ ತಂದರು, ಕವಳಿ ಹಣ್ಣು ಯಾವ ಮಗ್ಗುಲಲ್ಲಿ ಜಾಸ್ತಿ ಸಿಗುತ್ತಿತ್ತು, ನಿಮ್ಮ ಅವ್ವನನ್ನು ಕೂರಿಸಿಕೊಂಡು ಬರೆದಿಡಿ. ತಮ್ಮನನ್ನೂ ಕೇಳಿ. ಅದು ಬೇರೆ ಯಾರ ಹತ್ತಿರವೂ ಸಿಗುವುದಿಲ್ಲ.

ರಾತ್ರಿ ನಿದ್ದೆಯೇ ಬಾರದೆ, ಊಟ ಸೇರದೆ ವಾರಗಟ್ಟಲೆ ಹೀಗೇ ಇದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್ ಕೂಡ ನಿಮಗೆ ಹತ್ತಿರವೇ.

ಮತ್ತೆ, ಊರಿಗೆ ಹೋಗಿ. ಹಸಿರಾಗಲಿ ಆಮೇಲೆ ಹೋಗೋಣ ಅಂತ ಕಾಯಬೇಡಿ, ಮಳೆ ಬಂದರೆ ಆ ಬೂದಿಯೂ ಇರುವುದಿಲ್ಲ. ತಮ್ಮನಿಗೆ ಹೇಳಿ ಇಲಾಖೆಯವರನ್ನು ಮೊದಲೇ ಕೇಳಿಕೊಳ್ಳಿ. ಅವ್ವನನ್ನು ಕರೆದುಕೊಂಡು ಬೆಳಿಗ್ಗೆ ಬೇಗ ಹೊರಡಿ, ಬೇವಿನ ಬುಡದ ಹತ್ತಿರ ಸ್ವಲ್ಪ ಹೊತ್ತು ಕೂತು ಬನ್ನಿ. ನೀರು ಜಾಸ್ತಿ ಒಯ್ಯಿರಿ, ಅಲ್ಲಿ ಈಗ ನೆರಳಿಲ್ಲ.